ನಿಸ್ತಂತುವಿನೊಳಗಿನ ತಂತು

ಕೆಲವು ಶಬ್ದಗಳು ಹುಟ್ಟಿದ ಮನೆಯಲ್ಲಿ ಒಂದು ಬಗೆಯಾಗಿಯೂ ಹೊಕ್ಕ ಮನೆಯಲ್ಲಿ ಇನ್ನೊಂದು ಬಗೆಯಾಗಿಯೂ ಕೇಳಿಸುತ್ತವೆ. ‘ನಿಸ್ತಂತು’ ಎಂಬದು ಅಂಥದೊಂದು ಶಬ್ದ. ತಂತಿಯ ನೆರವಿಲ್ಲದೆ ಆಕಾಶಮಾರ್ಗವಾಗಿ ಸುದ್ದಿಯನ್ನು ಒಯ್ಯುವ ವಿದ್ಯೆಗೆ ಪಂಡಿತರು ಈ ಹೆಸರಿಟ್ಟರು. ತಂತು ಎಂದರೆ ನೂಲು, ಎಳೆ, ಅದಿಲ್ಲದ್ದು ನಿಸ್ತಂತು. ಪಟ್ಟಣದ ವಾಚಕರಿಗೆ ಇದರಲ್ಲಿ ವಿಶೇಷವೇನೂ ತೋರದು. ಆದರೆ ಎಳೆಯನ್ನೇ ನಂಬಿ ಜೀವಿಸುವ ಊರಿನಲ್ಲಿ, ಎಳೆಯಿಲ್ಲದೆ ಕೆಲಸ ನಡೆಯುವದೆಂಬ ಮಾತು ಸುಲಭವಾಗಿ ನಂಬುಗೆಗೆ ಬಾರದು. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಶಿಗ್ಲಿಯು ಅಂಥ ಊರು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಹೆಸರಿಸಿದ ಸ್ಥಾನಗಳಲ್ಲಿ ಒಂದಾದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವೆಂಬದನ್ನು ವಾಚಕರು ಬಲ್ಲರು. ಆ ನೆರೆಯ ಶಿಗ್ಲಿಯ ಓಣಿಗಳಲ್ಲಿ ಮಗ್ಗದ ಸಪ್ಪಳವು ಇಂದಿಗೂ ಕೇಳುತ್ತದೆ.

ಗಾಳಿಯಲ್ಲಿ ಮಾತು ಬರುವದು ಈ ನಾಡಿಗೆ ಹೊಸದಲ್ಲ. 1895ರ ಸುಮಾರಿಗೆ ಆಚಾರ್ಯ ಜಗದೀಶಚಂದ್ರ ಬೋಸರು ಕಲಕತ್ತೆಯ ಟೌನ್‌ಹಾಲಿನಲ್ಲಿ ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಯಾಚೆಗೆ ಕಳಿಸಿ ಗಂಟೆಯನ್ನು ಬಾರಿಸಿ ತೋರಿಸಿದರು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಪ್ರಯತ್ನದಿಂದ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರಕ್ಕೇ ಮೊದಲು ಬಂದುದು. 1950ರಲ್ಲಿ ಧಾರವಾಡದ ನಿಲಯವು ಆರಂಭವಾದ ತರುವಾಯ ಈ ಭಾಗದ ಹಳ್ಳಿಗಳಿಗೂ ಬಾನುಲಿಯ ಬಳಕೆಯಾಯಿತು. ಆದರೆ ಮನೆಯ ರೇಡಿಯೋ ಪೆಟ್ಟಿಗೆಯು ಕೇಳುವದಕ್ಕೆ ಮಾತ್ರ ಬಲ್ಲದು, ಮರುನುಡಿಯಲಾರದು. ಇಂದು ಮನೆಮನೆಯಲ್ಲಿರುವ ವೈ-ಫೈ ಎಂಬ ವ್ಯವಸ್ಥೆಯಾದರೋ ಕೇಳುವದೂ ಹೌದು, ಹೇಳುವದೂ ಹೌದು. ಗೋಡೆಯ ಬದಿಗಿರುವ ರೌಟರು ಒಂದು ಕಡೆಗೆ, ಲ್ಯಾಪ್‌ಟಾಪಿನೊಳಗಿರುವ ಅಂಚೆಚೀಟಿಯಷ್ಟು ದೊಡ್ಡದಾದ ಕಾರ್ಡು ಇನ್ನೊಂದು ಕಡೆಗೆ; ಇವೆರಡರ ಸಂವಾದವೇ ವೈ-ಫೈ. ಸಂವಾದದಲ್ಲಿ ಒಬ್ಬರು ಕಿವುಡರಾದರೆ ಇನ್ನೊಬ್ಬರ ವಾಕ್ಪಟುತ್ವದಿಂದ ಏನೂ ಆಗದು.

ಶಿಗ್ಲಿಯ ಒಂದು ನೇಕಾರರ ಮನೆಯಲ್ಲಿ ಈಚೆಗೆ ಆದದ್ದು ಇದೇ. ಮನೆಯ ಯಜಮಾನರು ಮಗ್ಗದವರು. ಮಗಳು ಪದವಿಯನ್ನು ಮುಗಿಸಿ, ಶಿಕ್ಷಕಿಯಾಗಬೇಕೆಂಬ ಹಂಬಲದಿಂದ ಅರ್ಹತಾ ಪರೀಕ್ಷೆಗೆ ಓದುತ್ತಿದ್ದವಳು. ಧಾರವಾಡದಲ್ಲಿ ಬಾಡಿಗೆಯ ಕೋಣೆ ಹಿಡಿದು ಪಾಠ ಹೇಳಿಸಿಕೊಳ್ಳುವಷ್ಟು ಅನುಕೂಲವು ಆ ಮನೆಗಿಲ್ಲ. ಆದುದರಿಂದ ಪ್ರತಿದಿನ ಸಂಜೆ 7 ಗಂಟೆಗೆ ಅಂತರ್ಜಾಲದ ಮೂಲಕ ನಡೆಯುವ ತರಗತಿಯೇ ಅವಳಿಗೆ ಗತಿ. ಓದಿಗೆ ಉಪಯೋಗವಾಗಲೆಂದು ಹುಬ್ಬಳ್ಳಿಯ ಸೋದರಮಾವನು ಕೊಟ್ಟ ಲ್ಯಾಪ್‌ಟಾಪು 2013ರದು. ಮನೆಗೆ ಹೊಸ ಸಂಪರ್ಕವು ಬಂದಿದ್ದರೂ ಪಾಠವು ಮಾತ್ರ ಸರಿಯಾಗಿ ಬರಲೊಲ್ಲದು. ಗಣಿತದ ಅಧ್ಯಾಪಕರು ಹಲಗೆಯ ಮೇಲೆ ಲೆಕ್ಕದ ಮೊದಲ ಸಾಲನ್ನು ಬರೆಯುವದು ಕಾಣುವದು. ಚಿತ್ರವು ಥಟ್ಟನೆ ನಿಂತುಬಿಡುವದು. ಮತ್ತೆ ಚಲಿಸುವಷ್ಟರಲ್ಲಿ ಉತ್ತರವೇ ಬಂದಿರುವದು. ನಡುವಿನ ದಾರಿ ಕಾಣದ ಲೆಕ್ಕದಿಂದ ಕಲಿಯುವವಳಿಗೆ ಪ್ರಯೋಜನವೇನು? ಪರೀಕ್ಷೆಗೆ ಇನ್ನು ಮೂರೇ ತಿಂಗಳು ಉಳಿದಿದ್ದವು.

ತಂದೆ ಮಗಳು ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೇಟೆಯ ಒಂದು ಅಂಗಡಿಗೆ ಹೋದರು. ಅಲ್ಲಿಯ ಹುಡುಗನು ಅದನ್ನು ಪೂರಾ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. “ಕಾಕಾ, ಇದಕ್ಕ ಇನ್ನ ರೊಕ್ಕ ಸುರೀಬ್ಯಾಡ್ರಿ. ಹತ್ತು ವರ್ಷ ದಾಟಿದ ಮಷೀನು. ಹೊಸಾದು ತಗೋರಿ,” ಎಂದುಬಿಟ್ಟನು. ಹೊಸದಕ್ಕೆ ಮೂವತ್ತು ಸಾವಿರದ ಮೇಲೆ ಬೇಕು. ಯಜಮಾನರಲ್ಲಿ ಕೂಡಿಟ್ಟ ಹಣವಿದ್ದುದು ಅಷ್ಟೇ. ಅದೂ ನೂಲಿಗೆ ಮತ್ತು ಮಗ್ಗದ ದುರಸ್ತಿಗೆ ಇಟ್ಟದ್ದು. ಅದನ್ನು ತೆಗೆದರೆ ಮಗಳ ಓದು ಸಾಗುವದು, ಮಗ್ಗ ನಿಲ್ಲುವದು; ತೆಗೆಯದಿದ್ದರೆ ಮಗ್ಗ ಸಾಗುವದು, ಓದು ನಿಲ್ಲುವದು. ತಂದೆಯು ಹಣ ತೆಗೆಯಲು ಮನಸ್ಸು ಮಾಡಿದ್ದರು. ಮಗಳೇ ತಡೆದಳು: “ಅಪ್ಪಾ, ಈಗ ರೊಕ್ಕ ತಗೀಬ್ಯಾಡ. ಇದರಾಗ ಯಾವುದು ಕೆಟ್ಟೈತಿ ಅನ್ನೂದನ್ನ ಮೊದಲ ನೋಡೂಣು.”

ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕಗಳೆಂಬ ಎರಡು ಸಾಧನಗಳುಂಟು. ಯಾವುದಿದ್ದರೆ ಕಾರ್ಯವು ಇರುವದೋ, ಯಾವುದಿಲ್ಲದಿದ್ದರೆ ಕಾರ್ಯವೂ ಇಲ್ಲವೋ ಅದು ಕಾರಣವೆಂದು ನಿರ್ಣಯಿಸುವ ಕ್ರಮವಿದು. ಆ ಹುಡುಗಿಯು ಶಾಸ್ತ್ರವನ್ನು ಓದಿರಲಿಲ್ಲ. ಆದರೂ ಅವಳು ಮಾಡಿದ್ದು ಅದನ್ನೇ. ಲ್ಯಾಪ್‌ಟಾಪು ಇಟ್ಟ ಸ್ಥಳದಲ್ಲಿಯೇ ತಮ್ಮನ ಫೋನನ್ನು ಇಟ್ಟು ನೋಡಿದಳು. ಫೋನಿನಲ್ಲಿ ಸೆಕೆಂಡಿಗೆ 40 ಮೆಗಾಬಿಟ್‌ ವೇಗ. ಲ್ಯಾಪ್‌ಟಾಪಿನಲ್ಲಿ ಮೂರೋ ನಾಲ್ಕೋ. ಆದುದರಿಂದ ದೋಷವು ಮನೆಗೆ ಬರುವ ಸಂಪರ್ಕದ್ದಲ್ಲ, ರೌಟರಿನದಲ್ಲ. ತರುವಾಯ ರೌಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ತಂತಿಯನ್ನು ಜೋಡಿಸಿದಳು. ಪಾಠವು ತಡೆಯಿಲ್ಲದೆ ನಡೆಯಿತು. ಅಂದರೆ ಲ್ಯಾಪ್‌ಟಾಪಿನ ಬುದ್ಧಿಯೂ ಸರಿಯಾಗಿದೆ, ಕಣ್ಣೂ ಸರಿಯಾಗಿದೆ, ಕಿವಿಯೊಂದು ಮಂದವಾಗಿದೆ. ತಂತಿಯನ್ನೇ ಹಾಗೆಯೇ ಬಿಡಬಹುದಾಗಿತ್ತು. ಆದರೆ ರೌಟರು ಇರುವದು ಮಗ್ಗದ ಕೋಣೆಯಲ್ಲಿ; ಲಾಳಿಯ ಸಪ್ಪಳದಲ್ಲಿ ಪಾಠ ಕೇಳುವದೆಂತು?

ಕಿವಿಯು ಮಂದವಾದುದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವೈ-ಫೈ ಅಲೆಗಳು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಸಂಚರಿಸುತ್ತವೆ: ಒಂದು 2.4 ಗಿಗಾಹರ್ಟ್ಸ್‌ ಪಟ್ಟಿ, ಇನ್ನೊಂದು 5 ಗಿಗಾಹರ್ಟ್ಸ್‌ ಪಟ್ಟಿ. ಭಾರತ ಸರಕಾರವು 2.4ರ ಪಟ್ಟಿಯನ್ನು ಪರವಾನಗಿಯ ಕಟ್ಟಿನಿಂದ ಬಿಡಿಸಿದ್ದು 2005ರಲ್ಲಿ. ಅದರ ಅಗಲವು 83.5 ಮೆಗಾಹರ್ಟ್ಸ್‌ ಮಾತ್ರ. ಒಂದಕ್ಕೊಂದು ತಾಗದಂತೆ ಅದರಲ್ಲಿ ಮೂರೇ ದಾರಿಗಳು ಹಿಡಿಯುತ್ತವೆ. ಓಣಿಯಲ್ಲಿ ಒಂದೆರಡು ರೌಟರುಗಳಿದ್ದಾಗ ಈ ಮೂರು ದಾರಿಗಳು ಸಾಕಾಗಿದ್ದವು. ಈಗ ಮನೆಗೊಂದು ರೌಟರು ಬಂದಿದೆ. ಸಂತೆಯ ದಿನ ಮೂರು ಸಂದಿಗಳಲ್ಲಿಯೇ ಊರೆಲ್ಲ ನುಗ್ಗಿದರೆ ಹೇಗಾಗುವದೋ ಹಾಗೆ. 5ರ ಪಟ್ಟಿಯಾದರೋ ವಿಶಾಲವಾದುದು. 2018ರಲ್ಲಿ ಸರಕಾರವು ಅದರಲ್ಲಿ 605 ಮೆಗಾಹರ್ಟ್ಸ್‌ ಅಗಲವನ್ನು ಮುಕ್ತಗೊಳಿಸಿತು. ಆ ಮನೆಯ ಫೋನು ಈ ರಾಜಮಾರ್ಗದಲ್ಲಿ ನಡೆಯುತ್ತಿತ್ತು. 2013ರ ಆ ಲ್ಯಾಪ್‌ಟಾಪಿನ ಕಾರ್ಡಿಗೆ ರಾಜಮಾರ್ಗವಿರುವದೇ ಗೊತ್ತಿರಲಿಲ್ಲ, ಅದು 2.4ರ ಸಂದಿಯಲ್ಲಿಯೇ ಜನರ ನಡುವೆ ಸಿಕ್ಕಿಕೊಂಡಿತ್ತು.

ಇದಲ್ಲದೆ ಮಾತಾಡುವ ರೀತಿಯೂ ವರ್ಷವರ್ಷಕ್ಕೆ ಸುಧಾರಿಸಿದೆ. 1999ರ ‘ಬಿ’ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11 ಮೆಗಾಬಿಟ್‌, 2003ರ ‘ಜಿ’ಯಲ್ಲಿ 54, 2009ರ ‘ಎನ್‌’ ಪದ್ಧತಿಯಲ್ಲಿ 600ರ ವರೆಗೆ, 2013ರಲ್ಲಿ ಒಪ್ಪಿಗೆ ಪಡೆದ ‘ಎಸಿ’ಯಲ್ಲಿ ಅದಕ್ಕಿಂತಲೂ ಹೆಚ್ಚು, 2021ರಲ್ಲಿ ‘ಎಎಕ್ಸ್‌’ ಬಂದಿತು. ಈ ಪ್ರಗತಿಯ ಮೂಲದಲ್ಲಿ ಒಂದು ಸ್ವಾರಸ್ಯವಿದೆ. ವಿಜಯಪುರದ ಗೋಲಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಅದು ಬೇಗನೆ ತಿಳಿದೀತು. ಅಲ್ಲಿ ಒಂದು ಕೂಗು ಹಲವು ಸಾರೆ ಮರುದನಿಗೊಡುವದು. ಬೇಗ ಬೇಗ ಮಾತಾಡಿದರೆ ಹಿಂದಿನ ಮಾತಿನ ಮರುದನಿಯು ಮುಂದಿನ ಮಾತಿನ ಮೇಲೆ ಬಿದ್ದು ಒಂದೂ ಅರ್ಥವಾಗದು. ಮನೆಯೊಳಗೆ ಗೋಡೆ, ಕಪಾಟು, ಪಾತ್ರೆಗಳಿಗೆ ಬಡಿದು ಮರಳುವ ಅಲೆಗಳಿಗೂ ಇದೇ ತೊಡಕು. ಆಸ್ಟ್ರೇಲಿಯಾದ ಸಿ.ಎಸ್‌.ಐ.ಆರ್‌.ಒ. ಎಂಬ ಸಂಶೋಧನಾ ಸಂಸ್ಥೆಯ ಜಾನ್‌ ಓ'ಸಲಿವನ್‌ ಮತ್ತು ಅವರ ಸಂಗಡಿಗರು ಆಕಾಶದ ರೇಡಿಯೋ ಅಲೆಗಳ ಅಭ್ಯಾಸದಿಂದ ಪಡೆದ ಗಣಿತವನ್ನು ಈ ತೊಡಕಿಗೆ ಹಚ್ಚಿ, 1996ರಲ್ಲಿ ಅಮೇರಿಕೆಯ ಪೇಟೆಂಟನ್ನು ಪಡೆದರು. ಇದರ ಸಾರವಿಷ್ಟೆ: ಒಬ್ಬನೇ ಅತಿವೇಗವಾಗಿ ಮಾತಾಡುವ ಬದಲು ಹಲವರು ಬೇರೆ ಬೇರೆ ಸ್ವರಗಳಲ್ಲಿ ನಿಧಾನವಾಗಿ ಏಕಕಾಲಕ್ಕೆ ಮಾತಾಡಿದರೆ, ಮರುದನಿಯು ಅಡಗುವ ವರೆಗೆ ಕಾಯಲು ಪ್ರತಿಯೊಬ್ಬನಿಗೂ ಅವಕಾಶವಾಗುವದು. ‘ಜಿ’ ಪದ್ಧತಿಯಲ್ಲಿ ಹೀಗೆ ಸುದ್ದಿಯನ್ನು ಹೊರುವ ಸ್ವರಗಳು 48. ‘ಎನ್‌’ ಪದ್ಧತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಮೂರು ಕಿವಿಗಳಿಂದ ಆಲಿಸಿ, ಬೇರೆ ಬೇರೆ ದಾರಿಯಿಂದ ಬಂದ ದನಿಗಳನ್ನು ಬೇರೆ ಬೇರೆ ಸುದ್ದಿಗಳಾಗಿ ಎಣಿಸಿಕೊಂಡಿತು. ಶತ್ರುವಾಗಿದ್ದ ಮರುದನಿಯೇ ಮಿತ್ರನಾಯಿತು.

ಇಷ್ಟನ್ನು ಹುಡುಗಿಯು ಸೋದರಮಾವನಿಂದ ಕೇಳಿ, ಓದಿ ತಿಳಿದುಕೊಂಡಳು. ಕಾರ್ಡನ್ನು ಬದಲಿಸುವದು ಸಾಧ್ಯವೆಂದೂ, ಬಳಸಿದ ಎರಡು ಪಟ್ಟಿಯ ಕಾರ್ಡು ಸಾವಿರ ರೂಪಾಯಿಯೊಳಗೆ ಸಿಕ್ಕುವದೆಂದೂ ಗೊತ್ತಾಯಿತು. ಲ್ಯಾಪ್‌ಟಾಪಿನ ಬದಿಗೆ ಸಿಕ್ಕಿಸುವ ಯುಎಸ್‌ಬಿ ಸಾಧನವೂ ಉಂಟು. ಅದನ್ನು ಹಾಕುವದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ, ಮತ್ತು ಬಹಳ ಜನರಿಗೆ ಅದೇ ಸುಲಭೋಪಾಯ. ಆದರೆ ಆ ಲ್ಯಾಪ್‌ಟಾಪಿಗೆ ಸುಸ್ಥಿತಿಯಲ್ಲಿ ಉಳಿದಿದ್ದುದು ಅಂಥ ಒಂದೇ ಕಿಂಡಿ. ಅದು ಪಾಠದ ಟಿಪ್ಪಣಿಗಳ ಪೆನ್‌ಡ್ರೈವಿಗೆ ಬೇಕಾಗಿತ್ತು. ಆದುದರಿಂದ ಒಳಗಿನ ಕಾರ್ಡನ್ನೇ ಬದಲಿಸುವದೆಂದು ನಿಶ್ಚಯವಾಯಿತು.

ಕಾರ್ಡನ್ನು ಕೊಳ್ಳುವವನು ಮೂರು ಸಂಗತಿಗಳನ್ನು ಮೊದಲು ನೋಡತಕ್ಕದ್ದು. ಮೊದಲನೆಯದು ಆಕಾರ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ‘ಮಿನಿ ಪಿಸಿಐ ಎಕ್ಸ್‌ಪ್ರೆಸ್‌’ ಎಂಬ ತೋಡು ಇರುವದು. ಅದರ ಅರ್ಧ ಅಳತೆಯ ಕಾರ್ಡು ಸುಮಾರು 30 ಮಿಲಿಮೀಟರ್‌ ಅಗಲ, 27 ಮಿಲಿಮೀಟರ್‌ ಉದ್ದ. ತರುವಾಯದ ಲ್ಯಾಪ್‌ಟಾಪುಗಳಲ್ಲಿ ‘ಎಂ.2’ ಎಂಬ, 22 ಮಿಲಿಮೀಟರ್‌ ಅಗಲದ ಬೇರೆ ಜಾತಿ ಬಂದಿತು. ಒಂದರ ತೋಡಿನಲ್ಲಿ ಇನ್ನೊಂದು ಕೂಡದು. ಎಂ.2 ಜಾತಿಯಲ್ಲಿಯೂ ಕೆಲವು ಕಾರ್ಡುಗಳು ಇಂಟೆಲ್‌ ಕಂಪನಿಯ ಹೊಸ ಸಂಸ್ಕಾರಕಗಳ ಸಂಗಡ ಮಾತ್ರ ನಡೆಯತಕ್ಕವು. ನೋಡುವದಕ್ಕೆ ಒಂದೇ ರೂಪವಾದರೂ ಹಳೆಯ ಯಂತ್ರದಲ್ಲಿ ಅವು ನಿರ್ಜೀವ. ಎರಡನೆಯದು, ಲ್ಯಾಪ್‌ಟಾಪಿನೊಳಗೆ ಎಷ್ಟು ಆಂಟೆನಾ ತಂತಿಗಳಿವೆಯೆಂಬದು. ಎರಡು ಕಿವಿಯ ಕಾರ್ಡಿಗೆ ಎರಡು ತಂತಿಗಳು ಬೇಕು. ಒಂದೇ ಇದ್ದರೆ ಅರ್ಧ ಫಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮತ್ತು ಅದು ಕಣ್ಣಿಗೆ ಕಾಣದು. ಕೆಲವು ತಯಾರಕರು ಯಂತ್ರವು ಏಳುವಾಗಿನ ಮೂಲ ಕಾರ್ಯಕ್ರಮದಲ್ಲಿ, ಅಂದರೆ ಬಯೋಸಿನಲ್ಲಿ, ತಮಗೆ ಸಮ್ಮತವಾದ ಕಾರ್ಡುಗಳ ಯಾದಿಯನ್ನು ಬರೆದಿಟ್ಟಿರುತ್ತಾರೆ. ಯಾದಿಯಲ್ಲಿಲ್ಲದ ಕಾರ್ಡನ್ನು ಕಂಡರೆ ಯಂತ್ರವು ಹೊಸ್ತಿಲಲ್ಲಿಯೇ ನಿಂತು, ಈ ಕಾರ್ಡು ಸಲ್ಲದೆಂದು ಹೇಳಿ ಮುಂದಕ್ಕೆ ಹೋಗಲೊಲ್ಲದು.

ಮೊದಲು ತರಿಸಿದ ಕಾರ್ಡಿಗೆ ಆದದ್ದು ಇದೇ. ಆಕಾರವು ಸರಿಯಿತ್ತು, ತಂತಿಗಳೂ ಎರಡಿದ್ದವು. ಯಂತ್ರವು ಮಾತ್ರ ಏಳಲಿಲ್ಲ. ಕಪ್ಪು ಪರದೆಯ ಮೇಲಿನ ಆ ಒಂದು ಸಾಲನ್ನು ಓದಿದಾಗ ತಾಯಿಯು, “ಇದ್ದದ್ದೂ ಹೋತೇನs ಯವ್ವಾ?” ಎಂದು ಕೇಳಿದಳು. ಹೋಗಿರಲಿಲ್ಲ; ಹಳೆಯ ಕಾರ್ಡನ್ನು ಮರಳಿ ಹಾಕಿದ ಕೂಡಲೆ ಯಂತ್ರವು ಎಂದಿನಂತೆ ಎದ್ದಿತು. ಆ ರಾತ್ರಿ ಹುಡುಗಿಯು ಆ ಮಾದರಿಯ ದುರಸ್ತಿ ಕೈಪಿಡಿಯನ್ನು ಹುಡುಕಿ, ಅದರಲ್ಲಿ ತಯಾರಕರೇ ಒಪ್ಪಿದ ಕಾರ್ಡುಗಳ ಯಾದಿಯನ್ನೂ ಪ್ರತಿಯೊಂದರ ಭಾಗಸಂಖ್ಯೆಯನ್ನೂ ಕಂಡುಕೊಂಡಳು. ಅದರಲ್ಲಿ ಎರಡು ಪಟ್ಟಿಯ ಕಾರ್ಡು ಒಂದಿತ್ತು. ಅದೇ ಸಂಖ್ಯೆಯದನ್ನು ಹುಬ್ಬಳ್ಳಿಯಿಂದ ತರಿಸಲಾಯಿತು. ಮೊದಲಿನದನ್ನು ಮಾರಿದವನು ಮರಳಿ ಪಡೆದನು; ಹೋಗಿ ಬರುವ ಖರ್ಚು ಮಾತ್ರ ನಷ್ಟವಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುವದು. ಹಣ ಕೊಟ್ಟು ಕೊಂಡ ವಸ್ತುವಿನೊಳಗೆ ಏನನ್ನು ಹಾಕಬೇಕು, ಹಾಕಬಾರದು ಎಂಬದನ್ನು ನಿರ್ಣಯಿಸುವವರಾರು? ಅಲೆಗಳ ಬಲವು ಸರಕಾರದ ನಿಯಮವನ್ನು ಮೀರಬಾರದು, ಕಾರ್ಡು ಮತ್ತು ಆಂಟೆನಾಗಳನ್ನು ಕೂಡಿಯೇ ಪರೀಕ್ಷಿಸಿರುತ್ತೇವೆ ಎಂಬದು ತಯಾರಕರ ವಾದ. ಅದರಲ್ಲಿ ಅಲ್ಪಸ್ವಲ್ಪ ಹುರುಳಿಲ್ಲದಿಲ್ಲ. ಆದರೆ ನೇಕಾರನಿಗೆ ಮಗ್ಗವನ್ನು ಮಾರಿದವನು, ‘ನನ್ನ ಅಂಗಡಿಯ ಲಾಳಿಯನ್ನೇ ಎಸೆಯಬೇಕು, ಬೇರೆಯದನ್ನು ಎಸೆದರೆ ಮಗ್ಗವು ಏಳದು’ ಎಂದು ಕಟ್ಟುಮಾಡಿದರೆ ಶಿಗ್ಲಿಯಲ್ಲಿ ಯಾರು ಸಹಿಸುವರು? ಈ ಅಸಮಾಧಾನವು ಒಂದೇ ಊರಿನದಲ್ಲ. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಯುರೋಪದ ಒಕ್ಕೂಟವು 2024ರಲ್ಲಿ ಇದೇ ವಿಷಯವಾಗಿ ನಿರ್ದೇಶವನ್ನು ಹೊರಡಿಸಿತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಎಣಿಕೆಯಂತೆ 2022ರ ಒಂದೇ ವರ್ಷದಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ಕಸವು 6.2 ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಬಂದದ್ದು ನೂರಕ್ಕೆ 22.3 ಮಾತ್ರ. ಒಂದು ಅಂಗವು ಹಳತಾದುದಕ್ಕಾಗಿ ಇಡೀ ದೇಹವನ್ನು ತಿಪ್ಪೆಗೆ ಹಾಕುವ ರೂಢಿಯೂ ಈ ರಾಶಿಯನ್ನು ಬೆಳೆಸುತ್ತದೆ.

ಎರಡನೆಯ ಕಾರ್ಡನ್ನು ಹಾಕಿದ ಕೆಲಸವು ಅರ್ಧ ತಾಸಿನದು. ಲ್ಯಾಪ್‌ಟಾಪನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಬ್ಯಾಟರಿಯನ್ನು ಹೊರಗೆ ತೆಗೆದಿಟ್ಟರು. ಮೈಯಲ್ಲಿ ಕೂಡಿದ ಸ್ಥಿರವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೊಲ್ಲಬಲ್ಲದಾದುದರಿಂದ, ಭೂಮಿಗೆ ಹೊಂದಿದ ಲೋಹವನ್ನು ಮುಟ್ಟಿ ಕೈಗಳನ್ನು ಶುದ್ಧಮಾಡಿಕೊಂಡರು. ತಳದ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಬಟ್ಟಲಲ್ಲಿ ಇಟ್ಟರು. ಮುಚ್ಚಳ ತೆಗೆದಾಗ ಕಾರ್ಡು ಕಂಡಿತು. ಅದರ ನೆತ್ತಿಯ ಮೇಲೆ ಒಂದು ಕರಿಯ, ಒಂದು ಬಿಳಿಯ, ಹೀಗೆ ಎರಡು ತೆಳ್ಳಗಿನ ತಂತಿಗಳು. ತುದಿಯ ಗುಂಡಿಗಳು ಸಾಸಿವೆಗಿಂತ ತುಸು ದೊಡ್ಡವು. ಆ ತಂತಿಗಳು ಕೀಲಿನೊಳಗಿಂದ ಮೇಲೇರಿ ಪರದೆಯ ಅಂಚಿನವರೆಗೆ ಹೋಗಿದ್ದವು. ಅಲೆಗಳನ್ನು ಹಿಡಿಯುವ ಆಂಟೆನಾ ಇರುವದು ಅಲ್ಲಿ.

ಮಗಳ ಕೈ ನಡುಗುತ್ತಿತ್ತು. ತಂದೆಯು, “ಸರಿ ತಂಗಿ, ಎಳೀ ಕೆಲಸ ನಂದು,” ಎಂದು ಮುಂದೆ ಬಂದರು. ನಲವತ್ತು ವರ್ಷ ಎಳೆಗಳನ್ನು ಕೂಡಿಸಿದ ಬೆರಳುಗಳವು. ತಂತಿಯನ್ನು ಎಳೆಯದೆ, ಗುಂಡಿಯನ್ನೇ ಹಿಡಿದು ನೆಟ್ಟಗೆ ಮೇಲಕ್ಕೆತ್ತಿದರು. ಹೊಸ ಕಾರ್ಡಿನ ಮೇಲೆ ಕರಿಯದನ್ನು ಕರಿಯದರ ಸ್ಥಾನಕ್ಕೆ, ಬಿಳಿಯದನ್ನು ಬಿಳಿಯದರ ಸ್ಥಾನಕ್ಕೆ ಇಟ್ಟು ಉಗುರಿನಿಂದ ಒತ್ತಿದರು. ಟಿಕ್ಕೆಂಬ ಸಣ್ಣ ಶಬ್ದವಾಯಿತು. “ತಂತು ಇಲ್ಲ ಅಂತೀರಿ, ಇದರಾಗ ಎರಡು ಅದಾವಲ್ಲ!” ಎಂದು ನಕ್ಕರು. ಅವರ ಮಾತು ವಿನೋದದ್ದಾದರೂ ಯಥಾರ್ಥವಾದುದು. ರೌಟರಿಗೂ ಲ್ಯಾಪ್‌ಟಾಪಿಗೂ ನಡುವಿನ ಕೆಲವು ಮೊಳ ಮಾತ್ರ ನಿಸ್ತಂತು. ಅದರ ಆಚೆಗೂ ಈಚೆಗೂ ಇರುವದೆಲ್ಲ ತಂತುವೇ. ಓಣಿಯ ಕಂಬದಿಂದ ಮನೆಗೆ ಬಂದಿರುವದೂ ಕೂದಲೆಳೆಯಂಥ ಗಾಜಿನ ಎಳೆ.

ಈ ಸಾರೆ ಯಂತ್ರವು ಆಕ್ಷೇಪಿಸದೆ ಎದ್ದಿತು. ಕಾರ್ಡನ್ನು ನಡೆಸುವ ಡ್ರೈವರೆಂಬ ಕಾರ್ಯಕ್ರಮವನ್ನು ಹಾಕಿದ ಮೇಲೆ 5ರ ಪಟ್ಟಿಯ ಹೆಸರು ಯಾದಿಯಲ್ಲಿ ಕಾಣಿಸಿತು. ವೇಗವು ಫೋನಿನ ಸಮಕ್ಕೆ ಬಂದಿತು. ಕಾರ್ಡಿನ ಶಕ್ತಿಯು ಅದಕ್ಕಿಂತ ಬಹಳ ಹೆಚ್ಚಿನದಾದರೂ, ಕಾಲುವೆಯು ಎಷ್ಟು ಅಗಲವಿದ್ದರೂ ಕೆರೆಯಲ್ಲಿರುವಷ್ಟೇ ನೀರು ಬರುವದಷ್ಟೆ. 5ರ ಅಲೆಗಳು ಗೋಡೆಗಳನ್ನು ದಾಟುವದರಲ್ಲಿ 2.4ರಷ್ಟು ಗಟ್ಟಿಗವಲ್ಲ, ಆದುದರಿಂದ ಪಡಸಾಲೆಯಲ್ಲಿ ಪಾಠವು ಸರಾಗವಾಗಿ ಬಂದರೂ, ದಪ್ಪ ಮಣ್ಣಿನ ಗೋಡೆಯ ಹಿಂದಿನ ಕೋಣೆಯಲ್ಲಿ ಮೊದಲಿನ ಸ್ಥಿತಿಯೇ ಉಳಿಯಿತು. ಹುಡುಗಿಯು ತನ್ನ ಮೇಜನ್ನು ಪಡಸಾಲೆಗೆ ತಂದಳು. ಕಾರ್ಡು ಹೊಸದಾದುದರಿಂದ ಯಂತ್ರದ ಬೇರೆ ಮುಪ್ಪು ಹೋಗಲಿಲ್ಲವೆಂಬದನ್ನೂ ಹೇಳತಕ್ಕದ್ದು. ಅದರಲ್ಲಿದ್ದ ವಿಂಡೋಸ್‌ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ 14ಕ್ಕೆ ಮುಗಿಯಿತು. ಮುಂದೆ ಲಿನಕ್ಸಿನಂಥ ಮುಕ್ತ ವ್ಯವಸ್ಥೆಯನ್ನು ಕಲಿಯಬೇಕಾಗುವದು. ಆದರೂ ಮೂರು ತಿಂಗಳ ಪಾಠಕ್ಕೆ ಬೇಕಾದದ್ದು ದೊರೆಯಿತು. ಲೆಕ್ಕದ ನಡುವಿನ ಸಾಲುಗಳು ಕಾಣತೊಡಗಿದವು. ನೂಲಿನ ಹಣವು ನೂಲಿಗೇ ಉಳಿಯಿತು.

ನ್ಯಾಯ-ವೈಶೇಷಿಕ ದರ್ಶನಕಾರರು ಅವಯವ-ಅವಯವಿಗಳ ಸಂಬಂಧವನ್ನು ಹೇಳುವಾಗ ತಂತು-ಪಟಗಳ ದೃಷ್ಟಾಂತವನ್ನೇ ಎತ್ತಿಕೊಳ್ಳುತ್ತಾರೆ. ಬಟ್ಟೆಯಿಂದ ಒಂದು ಎಳೆಯನ್ನು ತೆಗೆದರೂ ಮೊದಲಿನ ಬಟ್ಟೆಯು ನಾಶವಾಗಿ ಬೇರೊಂದು ಬಟ್ಟೆಯು ಹುಟ್ಟುವದೆಂಬದು ಅವರ ಸಿದ್ಧಾಂತ. ಈ ದೃಷ್ಟಿಯಿಂದ ಆ ಮನೆಗೆ ಬಂದದ್ದು ಹೊಸ ಲ್ಯಾಪ್‌ಟಾಪೇ ಸರಿ. ಮೂವತ್ತು ಸಾವಿರದ ಬದಲು ಸಾವಿರದೊಳಗೆ ದೊರೆತದ್ದು. ಶಿಗ್ಲಿಯ ನೇಕಾರರ ಲೆಕ್ಕವು ಬೇರೆ. ಹಳೆಯ ಹಾಸು ಮುಗಿಯುವ ಹೊತ್ತಿಗೆ ಅವರು ಅದನ್ನು ಕತ್ತರಿಸಿ ಎಸೆಯುವದಿಲ್ಲ. ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವದೆಂದು ಹೆಸರು. ಹಾಗೆ ಕೆಚ್ಚಿದ ತರುವಾಯ ಹಳೆಯ ಎಳೆಯೇ ಹೊಸದನ್ನು ಮಗ್ಗದೊಳಕ್ಕೆ ಎಳೆದುಕೊಂಡು ಹೋಗುವದು. ಏನು ಹಳತಾಗಿದೆ, ಏನು ಇನ್ನೂ ಗಟ್ಟಿಯಾಗಿದೆ ಎಂಬ ವಿವೇಕವುಳ್ಳವರ ಮನೆಯಲ್ಲಿ ಯಂತ್ರಕ್ಕೂ ಇದೇ ನ್ಯಾಯ ಸಲ್ಲುವದು.